ಬಲಗೈ ಜೇಬಿನಲ್ಲಿಟ್ಟವನು

ಮಹಡಿಯ ಕೋಣೆ, ಕಿಟಕಿಯ ಮೇಜು
ಶನಿವಾರ, ಮಾರ್ಚ್ ೮, ಮಧ್ಯಾಹ್ನ ಮೂರು ಗಂಟೆ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ನಿನ್ನ ಎಡಮೊಣಕಾಲು ಈಗಲೂ ಚಳಿಗೆ ಹಿಡಿದುಕೊಳ್ಳುತ್ತದೆಯೇ? ಹಡಗುಕಟ್ಟೆಯ ಗಾಳಿ ಒಳ್ಳೆಯದಲ್ಲ ಎನ್ನುತ್ತಾರೆ. ಕ್ರೇನಿನ ಗೂಡಿನಲ್ಲಿ ದಿನವೆಲ್ಲ ಕೂತಿರುವವನಿಗೆ ಕಾಲು ಚಾಚುವುದಕ್ಕಾದರೂ ಜಾಗವಿದೆಯೋ ಇಲ್ಲವೋ. ನಾನು ಚೆನ್ನಾಗಿದ್ದೇನೆ. ಓದು ಮುಗಿಯಿತು, ಸಾಹಿತ್ಯದಲ್ಲೇ. ಎರಡು ಕಾಲೇಜುಗಳಿಗೆ ಸಂದರ್ಶನಕ್ಕೆ ಹೋಗಿ, ಕೇಳಿದ್ದಕ್ಕೆಲ್ಲ ಉತ್ತರ ಗೊತ್ತಿದ್ದೂ ಬಾಯಿ ಬಿಡದೆ ಎದ್ದು ಬಂದೆ. ಒಬ್ಬ ಮೇಡಂ "ನೀರು ಬೇಕೇನಮ್ಮ?" ಎಂದಾಗ "ಹೌದು" ಅಂದದ್ದೇ ಎರಡೂ ಕಡೆ ಸೇರಿ ನನ್ನ ಒಟ್ಟು ಭಾಷಣ. ನೀನಿದ್ದಿದ್ದರೆ "ಇಲಿಮರಿ, ಬಿಲದಿಂದ ಆಚೆ ಬಾರೇ" ಅನ್ನುತ್ತಿದ್ದೆ. ಅಪ್ಪನ ಆರೋಗ್ಯದ ಬಗ್ಗೆ ಮುಂದೆ ಬರೆಯುತ್ತೇನೆ. ಅದಕ್ಕೆ ಸ್ವಲ್ಪ ಜಾಗ ಬೇಕು.

ವಿಳಾಸ ಹೇಗೆ ಸಿಕ್ಕಿತು ಎಂದು ನಿನ್ನ ಹುಬ್ಬು ಗಂಟಿಕ್ಕಿರುತ್ತದೆ. ಹೋದ ತಿಂಗಳು ಅಪ್ಪನ ಚಿತ್ರಕಥೆಯ ಪುಟ ತಲುಪಿಸಲು ವಾರಪತ್ರಿಕೆಯ ಕಚೇರಿಗೆ ಹೋಗಿದ್ದೆ. ಚಂದಾ ನೋಡಿಕೊಳ್ಳುವ ಗುಮಾಸ್ತರು, ಕಿವಿಯ ಮೇಲೆ ಪೆನ್ಸಿಲ್ ಇಟ್ಟುಕೊಂಡು ಅದನ್ನೇ ಮೇಜಿನ ಮೇಲೆಲ್ಲ ಹುಡುಕುವವರು, ನನ್ನನ್ನು ಕರೆದರು. "ನಿಮ್ಮಪ್ಪನ ಕಥೆಯ ಗುರ್ರಣ್ಣ ಅನ್ನೋ ಹೆಸರಲ್ಲೇ ಒಬ್ಬ ಆರು ವರ್ಷದಿಂದ ಪತ್ರಿಕೆ ತರಿಸ್ತಾ ಇದಾನಮ್ಮ. ಒಂದು ಸಲ ಎರಡು ದಿನ ತಡ ಆಯ್ತು ಅಂತ ಕಾರ್ಡಲ್ಲಿ ನನ್ನ ಜನ್ಮ ಜಾಲಾಡಿಬಿಟ್ಟಿದಾನೆ, ನೋಡು" ಎಂದು ಆ ಕಾರ್ಡು ಕೊಟ್ಟರು. ಕೋಪದಲ್ಲೂ ಸಾಲು ಓರೆಯಾಗದ ಆ ಅಕ್ಷರ. ಕೆಳಗೆ ಹಡಗುಕಟ್ಟೆ, ಕ್ರೇನ್ ನೌಕರರ ವಸತಿ, ಕೋಣೆ ಹದಿನಾಲ್ಕು. ನಾನು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ಅವರೂ "ನೀರು ಬೇಕೇನಮ್ಮ?" ಎಂದರು. ಆರು ವರ್ಷ, ಪ್ರತಿ ವಾರ, ನೀನು ನಿನ್ನ ಬೆನ್ನನ್ನೇ ನೋಡುತ್ತಾ ಬಂದಿದ್ದೀಯ.

ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಮೊದಲಿನಿಂದ ಬಂದರೆ ಮಾತ್ರ ಕೊನೆಯದನ್ನು ಬರೆಯುವ ಧೈರ್ಯ ನನಗೆ ಬರುತ್ತದೆ. ಅಪ್ಪ ಆ ಚಿತ್ರಕಥೆ ಶುರುಮಾಡಿದಾಗ ನಿನಗೆ ಹದಿನಾರು, ನನಗೆ ಐದು. ವಾರಕ್ಕೊಂದು ಪುಟ. ಅದರ ನಾಯಕ ಯಾವನೋ ಒಬ್ಬ ಒರಟ, ಯಾರ ಜೊತೆಗೂ ನೆಟ್ಟಗೆ ಮಾತಾಡದವನು. "ಈ ಮಗುವಿನ ಬಲಗೈಯಿಂದಲೇ ಲೋಕ ಮುಗಿಯುತ್ತದೆ" ಎಂದು ಅವನು ಹುಟ್ಟಿದ ದಿನವೇ ಒಬ್ಬ ಮುದುಕಿ ಹೇಳಿಬಿಟ್ಟಿದ್ದಾಳೆ. ಅದಕ್ಕೇ ಅವನು ಬಲಗೈಯನ್ನು ಉದ್ದ ಕೋಟಿನ ಜೇಬಿನಿಂದ ತೆಗೆಯುವುದೇ ಇಲ್ಲ. ಕಳ್ಳರನ್ನು ಎಡಗೈಯಲ್ಲಿ ಬಡಿಯುತ್ತಾನೆ, ಬಾವಿಗೆ ಬಿದ್ದ ಬೆಕ್ಕನ್ನು ಎಡಗೈಯಲ್ಲಿ ಎತ್ತುತ್ತಾನೆ, ಎತ್ತಿ ಬೈಯುತ್ತಾನೆ. ಯಾರಾದರೂ ಉಪಕಾರ ಸ್ಮರಿಸಿದರೆ "ಗುರ್" ಅಂದು ನಡೆದುಬಿಡುತ್ತಾನೆ. ಓದುವ ಮಕ್ಕಳೇ ಅವನಿಗೆ ಗುರ್ರಣ್ಣ ಎಂದು ಹೆಸರಿಟ್ಟದ್ದು. ಎದುರಿಗೆ ಯಾರಾದರೂ ನಿಲ್ಲದೆ ಒಂದು ಗೆರೆ ಎಳೆಯಲೂ ಅಪ್ಪನಿಂದ ಆಗುವುದಿಲ್ಲವಲ್ಲ. ನಿನಗೆ ತಮ್ಮ ಕೋಟು ತೊಡಿಸಿ, ಭುಜಕ್ಕೆ ಎರಡು ದಿಂಬು ಕಟ್ಟಿ, ಒಳಕೋಣೆಯ ಬಾಗಿಲ ಪಕ್ಕದ ಗೋಡೆಗೆ ನಿಲ್ಲಿಸುತ್ತಿದ್ದರು. ಬಾಗಿಲ ಸಂದಿಯಿಂದ ನೋಡಿ ನಾನು ನಕ್ಕರೆ ನೀನು ಕಣ್ಣಲ್ಲೇ ಗದರಿಸುತ್ತಿದ್ದೆ. ನಿನ್ನ ಮೂಗಿನ ಮೇಲೆ ನೊಣ ಕೂತು, ಮೀಸೆಯವರೆಗೆ ನಡೆದು, ತಿರುಗಿ ಬಂದರೂ ನೀನು ಅಲ್ಲಾಡಿದವನಲ್ಲ. ಕೊನೆಗೆ ಅಪ್ಪ ನಿಬ್ಬು ಒರೆಸುತ್ತಾ "ಸಾಕು ಕಣೋ, ಅಲ್ಲಾಡು" ಎನ್ನಬೇಕು. ಅಲ್ಲಿಯವರೆಗೆ ನೀನು ಕಲ್ಲು. ನೀನು ನಿಂತ ಹೊತ್ತನ್ನೂ ಬಿಟ್ಟ ಹೊತ್ತನ್ನೂ ಅಪ್ಪ ಪ್ರತಿ ಪುಟದ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದರು. ಅಚ್ಚಾಗುವಾಗ ಅದು ಬರುತ್ತಿರಲಿಲ್ಲ. ಮನೆಯಲ್ಲಿರುವ ಪುಟಗಳಲ್ಲಿ ಮಾತ್ರ ನಿನ್ನ ಹದಿಮೂರು ವರ್ಷದ ಮಧ್ಯಾಹ್ನಗಳ ಲೆಕ್ಕ ಇದೆ.

ನೀನು ಹೋದ ಮೇಲೆ ಆ ಕೋಟು ಹಾಕಿಕೊಂಡು ನಿಂತವಳು ನಾನು. ನಗಬೇಡ. ನಾಲ್ಕು ದಿಂಬು ಕಟ್ಟಬೇಕಾಯಿತು. "ಮುಖ ಸಿಡುಕು ಮಾಡು, ಒಂದ್ಸಲ ಗುರ್ ಅನ್ನು" ಎಂದರು ಅಪ್ಪ. ನಾನು ಅಂದೆ. ಬೆಕ್ಕಿನಮರಿ ಸೀನಿದ ಹಾಗಿತ್ತು. ಅಪ್ಪ ನಿಬ್ಬು ಕೆಳಗಿಟ್ಟು "ತಿರುಗಿ ನಿಲ್ಲು ತಾಯಿ" ಎಂದರು. ಅಂದಿನಿಂದ ಗುರ್ರಣ್ಣ ಓದುಗರಿಗೆ ಬೆನ್ನು ಹಾಕಿಯೇ ಇದ್ದಾನೆ. ಅದೊಂದು ಹೊಸ ಶೈಲಿ ಎಂದು ಒಬ್ಬರು ಲೇಖನವನ್ನೂ ಬರೆದರು. ನನ್ನ ಗುರ್ ಸರಿಯಿಲ್ಲದ್ದಕ್ಕೆ ಹಾಗಾಯಿತು ಎಂದೇ ನಾನು ಇಷ್ಟು ದಿನ ತಿಳಿದಿದ್ದೆ.

ಈಗ ಅಪ್ಪನ ಕಣ್ಣಿನ ವಿಷಯ. ಎರಡು ವರ್ಷದಿಂದ ನೋಟದ ನಡುಭಾಗ ಹೋಗುತ್ತಾ ಬಂದಿದೆ. ಅಂಚುಗಳು ಕಾಣುತ್ತವೆ, ನಡುವಿನದು ಕಾಣುವುದಿಲ್ಲ. ಬಾಗಿಲ ಚೌಕಟ್ಟು ಕಾಣುತ್ತದೆ, ಬಾಗಿಲಲ್ಲಿ ನಿಂತವರ ಮುಖ ಕಾಣುವುದಿಲ್ಲ. ಏನನ್ನಾದರೂ ನೋಡಬೇಕಾದರೆ ಕೋಳಿಯ ಹಾಗೆ ತಲೆ ಓರೆ ಮಾಡುತ್ತಾರೆ. ಶಸ್ತ್ರಚಿಕಿತ್ಸೆಯಿಂದ ಪ್ರಯೋಜನವಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಮಾತಿನ ಗುಳ್ಳೆಗಳ ಅಕ್ಷರ ಈಗ ನಾನೇ ಬರೆಯುತ್ತೇನೆ. ಗುರ್ರಣ್ಣನ ಬೈಗುಳವೆಲ್ಲ ನನ್ನ ಕೈಯಿಂದ ಹೋಗುತ್ತಿದೆ, ಊಹಿಸಿಕೋ. ಇದರ ನಡುವೆ ವಾರಪತ್ರಿಕೆ ನಿಲ್ಲುತ್ತಿದೆ. ಸಂಪಾದಕರು ಮನೆಗೇ ಬಂದು, ಕುರ್ಚಿಯ ತುದಿಯಲ್ಲಿ ಕೂತು, "ಹತ್ತೊಂಬತ್ತು ವರ್ಷದಿಂದ ಜನ ಕಾಯ್ತಿದಾರೆ ಸ್ವಾಮಿ, ಲೋಕ ಮುಗಿಸಿ ಕೊಟ್ಟುಬಿಡಿ. ಪ್ರಳಯ ಹದಿನೆಂಟನೇ ತಾರೀಕು ಬೆಳಿಗ್ಗೆ ಹತ್ತಕ್ಕೆ ಅಚ್ಚಿಗೆ ಹೋಗ್ಬೇಕು" ಎಂದರು. ತಾವೇ ನಕ್ಕು, ಯಾರೂ ನಗದೆ ಇದ್ದದ್ದು ನೋಡಿ ಟೀ ಕುಡಿದು ಹೋದರು.

ಆ ಕೊನೆಯ ಸಂಚಿಕೆಗೆ ಹಳೆಯ ದಪ್ಪ ಕಾಗದ ಬೇಕೆಂದು ಅಪ್ಪ ಕಳೆದ ಸೋಮವಾರ ಕೀಲಿ ಕೊಟ್ಟು ನನ್ನಿಂದ ಕೆಳಗಿನ ಡ್ರಾಯರ್ ತೆಗೆಸಿದರು. ಅವರು ಅದಕ್ಕೆ ಬೀಗ ಹಾಕಿದ್ದು ಯಾಕೆಂದೇ ಮರೆತಿದ್ದರೋ, ಇಲ್ಲ ಮರೆತ ಹಾಗೆ ಇದ್ದರೋ ನನಗೆ ತಿಳಿಯದು. ಕಾಗದಗಳ ಅಡಿಯಲ್ಲಿ ಒಂದು ಪುಟ ಇತ್ತು. ನೀನು. ಬೆನ್ನಲ್ಲ, ಮುಖ. ಮಸಿ ಅರ್ಧ, ಪೆನ್ಸಿಲ್ ಅರ್ಧ. ಎಲ್ಲ ಪುಟಗಳಲ್ಲಿ ಓದುಗರನ್ನು ದುರುಗುಟ್ಟಿ ನೋಡುವ ಗುರ್ರಣ್ಣ ಇದರಲ್ಲಿ ಒಳಕೋಣೆಯ ಬಾಗಿಲ ಕಡೆ ತಿರುಗಿದ್ದಾನೆ. ಕಿವಿ ಕೊಟ್ಟವನ ಮುಖ. ಬಲಗೈ ಜೇಬಿನಿಂದ ಮಣಿಕಟ್ಟಿನವರೆಗೆ ಹೊರಗೆ ಬಂದಿದೆ. ಮೂಲೆಯಲ್ಲಿ ಅಮ್ಮ ಹೋದ ದಿನದ ತಾರೀಕು. ಶುರು ೩–೧೦. ಮುಗಿದ ಹೊತ್ತಿನ ಜಾಗ ಖಾಲಿ.

ಅಣ್ಣಾ, ಆ ದಿನ ನಾನು ಪರೀಕ್ಷೆ ಮುಗಿಸಿ ಬರುವಷ್ಟರಲ್ಲಿ ಬಾಗಿಲಲ್ಲಿ ಯಾರ್ಯಾರದೋ ಚಪ್ಪಲಿಗಳು ತುಂಬಿದ್ದವು. ಅಮ್ಮ ಒಳಕೋಣೆಯಲ್ಲಿ ಮಂಚದಿಂದ ಏಳಲು ಹೋಗಿ ಬಿದ್ದಳು, ಅರ್ಧ ಗಂಟೆ ಮೊದಲು ನೋಡಿದ್ದರೆ ಉಳಿಯುತ್ತಿದ್ದಳೇನೋ ಎಂದು ಡಾಕ್ಟರು ಯಾರಿಗೋ ಹೇಳುತ್ತಿದ್ದರು. ಎಲ್ಲರ ಎದುರಿಗೆ ಅಪ್ಪ "ಅವಳು ಕರೆದದ್ದು ಇವನಿಗೆ ಕೇಳಿಸಿತ್ತು. ಆದ್ರೂ ನಿಂತೇ ಇದ್ದ" ಎಂದರು. ಚಿಕ್ಕಮ್ಮ ನಿನ್ನನ್ನು ನೋಡಿದ ನೋಟ ನನಗೆ ಇವತ್ತಿಗೂ ಮರೆತಿಲ್ಲ. ನಾನು ನಿನ್ನ ಹತ್ತಿರ ಬಂದು "ಹೌದಾ ಅಣ್ಣಾ?" ಎಂದು ಕೇಳಿದೆ. ನೀನು "ಹೌದು" ಅಂದೆ. ಅಷ್ಟೇ. ಕೋಟು ಇನ್ನೂ ಮೈಮೇಲಿತ್ತು, ಒಂದು ದಿಂಬು ಜಾರಿ ಬೆನ್ನಿಗೆ ಬಂದಿತ್ತು. ಆಮೇಲೆ ಎರಡು ವಾರ ನಾನು ನಿನ್ನ ಜೊತೆ ಮಾತಾಡಲಿಲ್ಲ. ಹದಿನೈದನೆಯ ದಿನ ಕೋಟು ಮೊಳೆಗೆ ತೂಗುತ್ತಿತ್ತು, ನೀನಿರಲಿಲ್ಲ. ಮುಂದೆ ಕಾಲೇಜಿನಲ್ಲಿ ಕಾವ್ಯದಲ್ಲಿ ಮೌನದ ಬಗ್ಗೆ ಹನ್ನೆರಡು ಪುಟದ ಪ್ರಬಂಧ ಬರೆದು ಬಹುಮಾನ ತೆಗೆದುಕೊಂಡೆ. ಆ ಹನ್ನೆರಡು ಪುಟದಲ್ಲಿ ಎಲ್ಲೂ ನಿನ್ನ ಆ ಒಂದು "ಹೌದು" ಹಿಡಿಸಲಿಲ್ಲ.

ಪುಟವನ್ನು ಅಪ್ಪನ ಮುಂದೆ ಇಟ್ಟೆ. ಏನೂ ಕೇಳಲಿಲ್ಲ, ನನಗೆ ಕೇಳಲು ಬರುವುದಿಲ್ಲವಲ್ಲ. ತಲೆ ಓರೆ ಮಾಡಿ ಅಂಚುಗಳನ್ನು ನೋಡಿದರು. ನಡುವೆ ಏನಿದೆ ಎಂದು ಅವರಿಗೆ ಕಾಣಬೇಕಾಗಿರಲಿಲ್ಲ. "ಅವನು ಹೇಳಿದ" ಎಂದರು. "ಎರಡು ಸಲ ಹೇಳಿದ. ಅಪ್ಪಾ, ಅಮ್ಮ ಕರೀತಿದಾಳೆ ಅಂದ. ಕೈ ಹೊರಗೆ ತೆಗೆದ. ನಾನೇ ಕೈ ಒಳಗಿಡು, ಅಲ್ಲಾಡಬೇಡ, ಇನ್ನೆರಡು ಗೆರೆ ಅಂದೆ. ಅವಳು ಯಾವಾಗ್ಲೂ ಕರೀತಿದ್ಲು ತಾಯಿ, ಟೀ ಆರುತ್ತೆ, ಟೀ ಆರುತ್ತೆ ಅಂತ. ಅದೇ ಅಂದ್ಕೊಂಡೆ." ಆಮೇಲೆ ಪುಟದ ಅಂಚು ಸವರುತ್ತಾ, "ಆ ಮುಖ ನೋಡ್ತಾ ನೋಡ್ತಾ ಬರೆದಿದೀನಿ ನೋಡು. ಕಣ್ಣು ಚೆನ್ನಾಗಿದ್ದಾಗಲೇ" ಎಂದರು.

ನನಗೆ ಸಿಟ್ಟು ಬಂತು, ಅಣ್ಣ. ಜೋರಾಗಿ ಏನಾದರೂ ಅನ್ನಬೇಕಿತ್ತು. ಅನ್ನಲಾಗದೆ ಅವರ ಮಸಿಬಾಟಲಿಗಳನ್ನೆಲ್ಲ ತೊಳೆದಿಟ್ಟೆ, ತುಂಬಿದ್ದವನ್ನೂ. ಮರುದಿನ ಅಪ್ಪ ತಾವೇ ಚಿಕ್ಕಮ್ಮನನ್ನು ಕರೆಸಿ ಇದನ್ನೇ ಹೇಳಿದರು, ಒಂದು ಮಾತೂ ಮೆತ್ತಗೆ ಮಾಡದೆ. ಚಿಕ್ಕಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಎದ್ದು ಹೋಗುವಾಗ ಮೆಟ್ಟಿಲ ಹತ್ತಿರ ನನಗೆ ಮಾತ್ರ ಕೇಳುವ ಹಾಗೆ, "ಆ ಎರಡು ವಾರ ಎಲ್ಲರಿಗೂ ಬಡಿಸಿದೆ ಕಣೆ, ಅವನ ತಟ್ಟೆಗೆ ಮಾತ್ರ ನಾನು ಬಡಿಸಲಿಲ್ಲ" ಎಂದಳು.

ಕೊನೆಯ ಸಂಚಿಕೆಗೆ ಹೋಗುವುದು ಆ ಪುಟವೇ. ಸಂಪಾದಕರಿಗೆ ತೋರಿಸಿದರೆ "ಪ್ರಳಯ ಎಲ್ಲಿ ಸ್ವಾಮಿ?" ಎಂದರು. ಅಪ್ಪ ಹೇಳಿದ್ದು ಹೀಗೆ: "ಒಳಗಿಂದ ಯಾರೋ ಕರೀತಾರೆ. ಇವನು ಕೈ ತೆಗೀತಾನೆ. ಬಾಗಿಲು ತಳ್ಳಿ ಒಳಗೆ ಹೋಗ್ತಾನೆ. ಅದರಿಂದ ಲೋಕ ಮುಳುಗೋದಾದ್ರೆ ಮುಳುಗಲಿ ಅಂತ ಅವನಿಗೆ ಅನ್ನಿಸಿದೆ." ಅದಕ್ಕೆ ಸಂಪಾದಕರು ನಗಲಿಲ್ಲ. ಇನ್ನು ಒಂದೇ ಚೌಕ ಬಾಕಿ, ಬಾಗಿಲ ಮೇಲೆ ಇಟ್ಟ ಬಲಗೈ. ಅದಕ್ಕೆ ನಾನು ನಿಲ್ಲುತ್ತೇನೆ ಎಂದೆ. ಅಪ್ಪ ಬೇಡ ಎಂದರು. ಹದಿನೆಂಟರವರೆಗೆ ನಿನಗಾಗಿ ಕಾಯುತ್ತಾರಂತೆ, ಇಲ್ಲದಿದ್ದರೆ ಆ ಚೌಕ ಖಾಲಿಯೇ ಅಚ್ಚಾಗಲಿ ಅಂತೆ. ನೀನು ಬಂದರೂ ನಿನ್ನ ಮುಖ ಅವರಿಗೆ ಕಾಣುವುದಿಲ್ಲ. ಕೈಯನ್ನು ಪುಟದ ಅಂಚಿನ ಕಡೆ ಹಿಡಿದರೆ ಕಂಡೀತು.

ಬಾ ಎಂದು ಬರೆಯಲು ನಾಲ್ಕು ಸಲ ಹೊರಟೆ. ನಾಲ್ಕು ಕಾಗದ ಹರಿದೆ. ಯಾವ ಬಾಯಿಂದ ಕರೆಯಲಿ? ನೀನು ಹೇಳದೆ ಉಳಿಸಿಕೊಟ್ಟ ಅಪ್ಪನ ಜೊತೆ ನಾನು ಆರು ವರ್ಷ ಒಂದೇ ಮೇಜಿನಲ್ಲಿ ಊಟ ಮಾಡಿದ್ದೇನೆ. ನನ್ನನ್ನು ಕ್ಷಮಿಸು ಎಂದೂ ಕೇಳುವುದಿಲ್ಲ. ಆ ದಿನ "ಹೌದಾ ಅಣ್ಣಾ?" ಎಂದು ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಬೇಕಿತ್ತು. ಈಗ ಕೇಳುತ್ತಿದ್ದೇನೆ, ಅಣ್ಣ: ನೀನು ಊಟ ಮಾಡಿದೆಯಾ?

ಮೊಣಕಾಲಿಗೆ ಬಿಸಿನೀರಿನ ಶಾಖ ಕೊಡು. ಎತ್ತರದಲ್ಲಿ ಕೂತಾಗ ಕಿವಿಗೆ ಬಟ್ಟೆ ಕಟ್ಟಿಕೋ. ಚಿಕ್ಕಮ್ಮ ಕೇಳಿದೆ ಅಂತ ಹೇಳು ಎಂದಿದ್ದಾಳೆ, ಹೇಳಿದ್ದೇನೆ.

ನಿನ್ನ ನೆನಪಿನಲ್ಲಿ, ಬಿಲದಿಂದ ಅರ್ಧ ಆಚೆ ಬಂದಿರುವ
ಇಲಿಮರಿ

ಮತ್ತೆ: ಆರು ಗಂಟೆಗೆ ಅಂಚೆಪೆಟ್ಟಿಗೆ ತೆಗೆಯುತ್ತಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಅಪ್ಪ ಈಗ ಗೋಡೆ ಹಿಡಿದುಕೊಂಡು ಮಹಡಿ ಹತ್ತಿ ಬಂದರು, ಆ ಪುಟವನ್ನು ಕಂಕುಳಲ್ಲಿ ಇಟ್ಟುಕೊಂಡು. ಯಾರಿಗೆ ಬರೆಯುತ್ತಿದ್ದೀಯ ಎಂದು ಕೇಳಲಿಲ್ಲ. ಗಂಟೆ ಎಷ್ಟು ಎಂದರು. ಐದು ಇಪ್ಪತ್ತು ಎಂದೆ. ಪೆನ್ಸಿಲ್ ತಡಕಿ ತೆಗೆದುಕೊಂಡು, ಬೆರಳಿನಿಂದ ಪುಟದ ಮೂಲೆ ಅಳೆದು, ಆರು ವರ್ಷ ಖಾಲಿ ಬಿಟ್ಟಿದ್ದ ಜಾಗದಲ್ಲಿ ೫–೨೦ ಎಂದು ಬರೆದರು. ಅಂಕಿಗಳು ಒಂದರ ಮೇಲೊಂದು ಹತ್ತಿವೆ. ಆಮೇಲೆ ನನ್ನ ಕಾಗದದ ಕಡೆ ಕೈ ತೋರಿಸಿ ಹೇಳಿದರು: "ಅವನು ಬರ್ಲಿ, ಬರದೆ ಇರ್ಲಿ, ಅದು ಅವನಿಷ್ಟ. ನಾನು ಹೇಳಿದೆ ಅಂತ ಇಷ್ಟು ಮಾತ್ರ ಬರಿ. ಸಾಕು ಕಣೋ, ಅಲ್ಲಾಡು."