ದಿನಕ್ಕೆ ಹತ್ತೇ ಮಾತು

ಅಂಗಡಿಯ ಬೆಂಚಿನ ಮೇಲಿಂದ,
ತಾ. ಹನ್ನೆರಡು, ಗುರುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟೀ,

ಹೇಗಿದ್ದೀಯಮ್ಮಾ? ಹೊಸ ಊರಿನ ನೀರು ಒಗ್ಗಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯ ತಾನೇ? ನನ್ನ ಗಂಟಲು ಈಗ ವಾಸಿ. ಒಳಗಿದ್ದ ಗಂಟು ತೆಗೆದ ಮೇಲೆ ಡಾಕ್ಟರಮ್ಮ, "ಒಂದು ತಿಂಗಳು ದಿನಕ್ಕೆ ಹತ್ತೇ ಮಾತು. ಮೀರಿದ್ರೆ ಧ್ವನಿಯ ಆಸೆ ಬಿಡಿ" ಎಂದು ಹೆದರಿಸಿ ಕಳಿಸಿದ್ದರು. ಹೇಳಿದ್ದು ಯಾರಿಗೆ? ಬೀದಿಯೆಲ್ಲ 'ರೇಡಿಯೋ' ಎಂದು ಕರೆಯುವ ಕ್ಷೌರಿಕನಿಗೆ! ಮೊದಲ ದಿನ ಹತ್ತೂ ಮಾತು ಹಲ್ಲುಜ್ಜುವ ಮೊದಲೇ ಖಾಲಿ, ಅದೂ ಕಾಣದಾದ ಒಂದು ಚಪ್ಪಲಿಗಾಗಿ.

ಎರಡನೆಯ ವಾರ ಡ್ರೈವಿಂಗ್ ಮೇಷ್ಟ್ರು ಕೂದಲು ಕತ್ತರಿಸಿಕೊಳ್ಳಲು ಬಂದರು. ಪಾಪ, ಬಾಯಿ ಸತ್ತ ಮನುಷ್ಯ ಎಂದೇ ನಾನು ತಿಳಿದಿದ್ದೆ. ಕತ್ತರಿಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅರ್ಧ ತಲೆ ಮುಗಿಯುವ ಹೊತ್ತಿಗೆ ಅವರೇ, "ಹೋದ ವರ್ಷ ನನ್ನ ಹೆಂಡ್ತಿ ತೀರಿಕೊಂಡ್ಳು. ಹೇಳೋಣ ಅಂತ ಇಲ್ಲಿಗೆ ನಾಲ್ಕು ಸಲ ಬಂದೆ" ಎಂದರು. ನಾಲ್ಕು ಸಲವೂ ನಾನು ಏನು ಹರಟಿದ್ದೆನೋ! "ಹೇಳಿ ಮೇಷ್ಟ್ರೇ" ಎಂದವನೇ ಕತ್ತರಿ ಕೆಳಗಿಟ್ಟು ಕೂತುಬಿಟ್ಟೆ. ಅವರು ಹೋಗುವಾಗ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಅವತ್ತು ಸಂಜೆ ಅಡುಗೆಮನೆಯಲ್ಲಿ ಬಟಾಣಿ ಬಿಡಿಸುತ್ತ ನಿಮ್ಮಮ್ಮನ ಎದುರು ಕೂತೆ. "ಅದೇನ್ರೀ ಹಾಗೆ ನೋಡ್ತೀರಾ?" ಎಂದಳು. "ನೀನೇ ಏನಾದ್ರೂ ಹೇಳು" ಎಂದೆ. ಬಿಡಿಸಿದ ಸಿಪ್ಪೆಯನ್ನು ಪಕ್ಕಕ್ಕೆ ತಳ್ಳಿ, "ಹಜಾರದ ಆ ಹಸಿರು ಬಣ್ಣ ನಂಗೆ ಮೊದಲಿಂದಲೂ ಆಗಿಬರಲ್ಲ" ಎಂದಳು. ಮದುವೆಯಾಗಿ ಇಪ್ಪತ್ತಾರು ವರ್ಷ ಪುಟ್ಟೀ! ಆಮೇಲೆ ಈಜು ಕಲಿಯಬೇಕೆಂಬ ಆಸೆ, ಅಕ್ಕನ ಮೇಲಿನ ಹಳೆಯ ಮುನಿಸು, ನೀನು ಹೋದ ಮೇಲೆ ದಿನಾ ನಿನ್ನ ಕೋಣೆಯಲ್ಲಿ ಒಂದಿಷ್ಟು ಹೊತ್ತು ಕೂತು ಬರುವುದು, ಎಲ್ಲ ಹೊರಬಂತು. ಎಷ್ಟು ಚೆನ್ನಾಗಿ ಮಾತಾಡುತ್ತಾಳೆ ಗೊತ್ತಾ ನಿಮ್ಮಮ್ಮ! ಹಜಾರಕ್ಕೆ ಬಿಳಿ ಬಣ್ಣ ಬಳಿದೆವು. ಗೋಡೆಯ ಮೇಲಿದ್ದ ಹದಿನಾರು ಪಟಗಳಲ್ಲಿ ಒಂದನ್ನು ಮಾತ್ರ ಮತ್ತೆ ಹಾಕಿದಳು. ನೀನು ಮುಂದಿನ ಹಲ್ಲಿಲ್ಲದೆ ನಗುತ್ತಿರುವುದು.

ಮೊನ್ನೆ ಡಾಕ್ಟರಮ್ಮ, "ಇನ್ನು ಎಷ್ಟು ಬೇಕಾದ್ರೂ ಮಾತಾಡಿ" ಎಂದರು. "ಆಯ್ತಮ್ಮಾ" ಎಂದಷ್ಟೇ ಹೇಳಿ ಎದ್ದು ಬಂದೆ. ನಿಮ್ಮಮ್ಮ ದಾರಿಯುದ್ದಕ್ಕೂ ನಕ್ಕಳು.

ಮೈ ಕಡೆ ಜೋಪಾನ ಮಗಳೇ. ನೂರು ಕಾಲ ನಗುನಗುತ್ತಾ ಬಾಳು.

ನಿನ್ನ
ಅಪ್ಪ

ಮುಖ್ಯವಾದದ್ದೇ ಬಿಟ್ಟೆ: ಆಪರೇಷನ್ನಿನ ಹಿಂದಿನ ದಿನ ನೀನು ಫೋನಿನಲ್ಲಿ, "ಅಪ್ಪಾ, ಒಂದು ವಿಷಯ..." ಎಂದೆ. ನಾನು ಆಸ್ಪತ್ರೆಯ ಪುರಾಣ ಬಿಚ್ಚಿದೆ. "ಏನಿಲ್ಲ ಬಿಡಪ್ಪಾ" ಎಂದು ನೀನು ಫೋನ್ ಇಟ್ಟುಬಿಟ್ಟೆ. ನಿನ್ನ ದನಿ ನಡುಗುತ್ತಿತ್ತು ಎನ್ನುವುದು ನನಗೆ ಈಗ ಹೊಳೆಯುತ್ತಿದೆ. ಶನಿವಾರ ಮೊದಲ ಬಸ್ಸಿಗೆ ಬರುತ್ತಿದ್ದೇನೆ. ಹೇಳುವೆಯಂತೆ.