ಕಾಲಿಗೆ ಒದ್ದ ಬ್ರೇಕು

ಧರ್ಮಪ್ಪ,

ಇವತ್ತು ಹಳೇಬೀಡಿನಿಂದ ಬರುವಾಗ ಮೊಮ್ಮಗಳು ಸ್ವಾತಿಯ ಕಾರಿಗೆ ಎಮ್ಮೆ ಅಡ್ಡ ಬಂತು. ಅವಳು ಬ್ರೇಕ್ ಒತ್ತಿದಳು. ಕೆಳಗೆ ಗರಗರ ಸದ್ದಾಯಿತು.

"ಬ್ರೇಕು ಹೋಯ್ತೇನೇ?" ಎಂದು ಕೂಗಿದೆ.

"ಇಲ್ಲ ಅಜ್ಜಿ. ಈಗಿನ ಕಾರುಗಳಲ್ಲಿ ಜೋರಾಗಿ ಒತ್ತಿದ್ರೆ ಪೆಡಲ್ಲು ಕಾಲಿಗೆ ಒದೆಯುತ್ತೆ. ಚಕ್ರ ಜಾರದಂಗೆ ಅದೇ ನೋಡ್ಕೊಳ್ಳುತ್ತೆ. ನಾವು ಕಾಲು ತೆಗೀಬಾರದು, ಅಷ್ಟೆ."

ಎರಡು ವರ್ಷದ ಹಿಂದೆ ನೀನು ಓಡಿಸುತ್ತಿದ್ದ ನಮ್ಮ ಹೊಸ ಕಾರು ಮರಕ್ಕೆ ಬಡಿದು ಯಜಮಾನರು ಹೋದ ದಿನ ನೀನೂ ಇದನ್ನೇ ಹೇಳಿದ್ದೆ. "ಬ್ರೇಕು ಕಾಲಿಗೆ ಒದೀತು ಕಣ್ರಮ್ಮಾ. ಕೆಟ್ಟೋಯ್ತು ಅಂತ ಬಿಟ್ಟು ಬಿಟ್ಟು ಒತ್ತಿದೆ." ನಮ್ಮ ಕೊಬ್ಬರಿ ಲಾರಿಯನ್ನು ಇಪ್ಪತ್ತು ವರ್ಷ ಹಾಗೆ ಒತ್ತಿಯೇ ನಿಲ್ಲಿಸಿದವನು ನೀನು. ನಾನು ನಿನ್ನನ್ನು ಕುಡುಕ, ಸುಳ್ಳ ಎಂದು ಬೀದಿಯವರೆದುರು ಬೈದು ಓಡಿಸಿದೆ. ಆಮೇಲೆ ಅರಸೀಕೆರೆಯಲ್ಲಿ ಯಾರೂ ನಿನ್ನ ಕೈಗೆ ಗಾಡಿ ಕೊಡಲಿಲ್ಲ. ನೀನು ತೀರಿಕೊಂಡ ಸುದ್ದಿ ಬಂದಾಗಲೂ ನಾನು ಮನೆಯಿಂದ ಕದಲಲಿಲ್ಲ.

ಆ ಕಾರು ತಂದ ದಿನ ಷೋರೂಮಿನವನು ಪುಸ್ತಕ ಹಿಡಿದು, "ಡ್ರೈವರಿಗೆ ಬ್ರೇಕಿನ ವಿಷಯ ಹೇಳ್ಬೇಕು ಅಮ್ಮಾ" ಎಂದಿದ್ದ.

"ನಮ್ಮ ಧರ್ಮಪ್ಪನಿಗೆ ನೀನೇನಯ್ಯ ಹೇಳ್ಕೊಡೋದು?" ಎಂದು ಗೇಟಿನಿಂದಲೇ ವಾಪಸ್ ಕಳಿಸಿದೆ.

ಅವನ ಮಾತು ಕೇಳಲು ಜಗಲಿಯಿಂದ ಎದ್ದಿದ್ದ ನೀನು, ನನ್ನ ಮಾತಿಗೆ ಮತ್ತೆ ಕೂತೆ.