ಏಳು ಗಂಟೆಗೆ ತೆರೆಯುತ್ತಿದ್ದ ಬಾಗಿಲು

ಪೋರ್ಟ್ ಕೆಲ್ಸೊ, ಒಂಟಾರಿಯೊ
ಫೆಬ್ರವರಿ 9, ಭಾನುವಾರ

ಪ್ರೀತಿಯ ಸಿರ್ಕಾ,

ನೀನೂ ಮಕ್ಕಳೂ ಕ್ಷೇಮವೆಂದು ನಂಬಿದ್ದೇನೆ. ಕ್ರಿಸ್ಮಸ್ಸಿಗೆ ನೀನು ಬರೆದ ಕಾಗದ ಇನ್ನೂ ಫ್ರಿಜ್ಜಿನ ಮೇಲೇ ಇದೆ. ದಿನಾ ಕಣ್ಣಿಗೆ ಬೀಳುತ್ತಿತ್ತು, ದಿನಾ ನಾಳೆ ಬರೆಯೋಣ ಅಂದುಕೊಳ್ಳುತ್ತಿದ್ದೆ. ಬೈಯಬೇಡ. "ಅತ್ತಿಗೆ, ನೀವಿಲ್ಲದಿದ್ರೆ ಅಣ್ಣನ ಗತಿ ಏನಾಗ್ತಿತ್ತು" ಅಂತ ಬರೆದಿದ್ದೆಯಲ್ಲ, ಅದನ್ನು ಓದಿದಾಗಲೆಲ್ಲ ಪೆನ್ನು ಕೆಳಗಿಟ್ಟುಬಿಡುತ್ತಿದ್ದೆ.

ಕ್ಯಾಲ್ಡರ್ ಮಾಲ್ ಮುಚ್ಚಿದ್ದು ನಿನಗೆ ಗೊತ್ತು. ಅಕ್ಟೋಬರ್ ಕೊನೆಗೆ ಬೀಗ ಹಾಕಿ ಸುತ್ತಲೂ ಹಲಗೆ ಹೊಡೆದರು. ಐವತ್ತು ವರ್ಷದ ಹಿಂದೆ ಡಫರಿನ್ ಬೀದಿಗೆ ಅಡ್ಡಲಾಗಿ ಅದನ್ನು ಕಟ್ಟಿಸಿ, ಪೇಟೆ ಉಳಿಸಿದೆವು ಅಂತ ನಗರಸಭೆಯವರು ಬೀಗಿದ್ದರು. ಈಗ ಅದನ್ನೇ ಕೆಡವಿ, ಬೀದಿ ತೆರೆದು, ಪೇಟೆ ಉಳಿಸುತ್ತಾರಂತೆ. ಅರ್ಧ ಅಂಗಡಿಗಳು ಖಾಲಿ ಹೊಡೆಯುತ್ತಿದ್ದವು, ನಿಜ. ಆದರೆ ಬೆಳಿಗ್ಗೆ ಏಳಕ್ಕೆ, ಅಂಗಡಿ ತೆರೆಯುವ ಮೊದಲೇ, ನಮ್ಮಂಥ ಮುದುಕರು ನಡೆಯಲಿ ಅಂತ ಬಾಗಿಲು ತೆಗೆಯುತ್ತಿದ್ದರು. ನಿನ್ನ ಅಣ್ಣ ಟೌನೋಗೆ ನನ್ನ ಹೆಸರು ಮರೆತ ಮೇಲೂ ಆ ದಾರಿ ಮರೆತಿರಲಿಲ್ಲ. ಒಬ್ಬನೇ ಹನ್ನೆರಡು ಸುತ್ತು ಹಾಕುತ್ತಿದ್ದ. ಕಾಫಿ ಅಂಗಡಿಯ ಲೂರ್ದೆಸ್, "ತಾತಾ, ಹಿಂಗೇ ಸುತ್ತು ಹೊಡೀತಿದ್ರೆ ನೆಲ ಸವೆದು ಕೆಳಗಿನ ಪಾರ್ಕಿಂಗ್‌ಗೇ ಬೀಳ್ತೀರ" ಅಂತ ರೇಗಿಸುತ್ತಿದ್ದಳು. ನಾನು ಬೆಂಚಿನ ಮೇಲೆ ಕೂತು ಹೆಣೆಯುತ್ತಿದ್ದೆ. ಇಡೀ ದಿನದಲ್ಲಿ ನನಗೆ ಉಸಿರು ಬಿಡಲು ಸಿಗುತ್ತಿದ್ದದ್ದು ಆ ಒಂದು ಗಂಟೆ.

ಹೋದ ವರ್ಷ ನಗರಸಭೆಯ ಹುಡುಗಿಯೊಬ್ಬಳು ಮಾಲಿನೊಳಗೇ, ಪೇಟೆ ಮುಂದೆ ಹೇಗಿರಬೇಕು ಅನ್ನುವ ದೊಡ್ಡ ದೊಡ್ಡ ಚಿತ್ರ ನಿಲ್ಲಿಸಿ, ಒಬ್ಬೊಬ್ಬರಿಗೂ ಅಂಟಿಸುವ ಮೂರು ಹಸಿರು ಚುಕ್ಕೆ ಕೊಟ್ಟು, ಇಷ್ಟವಾದದ್ದಕ್ಕೆ ಅಂಟಿಸಿ ಅಂದಳು. ಒಂದರಲ್ಲಿ ಮರಗಳು, ಬೆಂಚು, ಐಸ್‌ಕ್ರೀಮ್ ತಿನ್ನುವ ಮಗು. ಚೆನ್ನಾಗಿದೆ ಅಂತ ನನ್ನ ಮೂರನ್ನೂ ಟೌನೋನ ಮೂರನ್ನೂ ಅದಕ್ಕೇ ಅಂಟಿಸಿಬಿಟ್ಟೆ. ಮಾಲ್ ಹೋದರಷ್ಟೇ ಆ ಚಿತ್ರ ಬರುವುದು ಅಂತ ನನ್ನ ಮಂಡೆಗೆ ಹೊಳೆಯಲೇ ಇಲ್ಲ. ಚಿತ್ರದಲ್ಲಿ ಬೇಸಿಗೆ ಬೇರೆ. ಇಲ್ಲಿ ಅರ್ಧ ವರ್ಷ ಹಿಮ. ನನ್ನ ಕೈಯಾರೆ ನಾನೇ ಹಾಳುಮಾಡಿಕೊಂಡೆ ಅಂತ ಎಷ್ಟು ದಿನ ನನ್ನನ್ನು ಶಪಿಸಿಕೊಂಡೆನೋ.

ಊರಾಚೆಯ ಒಳಾಂಗಣ ಕ್ರೀಡಾಂಗಣದಲ್ಲಿ ನಡೆಯಿರಿ ಅಂತ ಚೀಟಿ ಕೊಟ್ಟಿದ್ದರು. ಎರಡು ಬಸ್ಸು ಬದಲಿಸಿ ಕರೆದುಕೊಂಡು ಹೋದೆ. ಹೊಸ್ತಿಲಲ್ಲೇ ನಿಂತು, "ಇದು ಯಾರ ಮನೆ? ನಮ್ಮನ್ನ ಕರೆದಿದ್ದಾರಾ?" ಅಂದ. ಒಳಗೆ ಕಾಲಿಡಲಿಲ್ಲ. ಆಮೇಲೆ ಮನೆಯಲ್ಲೇ ಸುತ್ತುವುದು ಶುರುವಾಯಿತು, ಊಟದ ಮೇಜಿನ ಸುತ್ತ, ಬೆಳಗಿನಿಂದ ರಾತ್ರಿಯವರೆಗೆ. ಹಿಡಿದು ಕೂರಿಸಿದರೆ ಕೈ ಎತ್ತುತ್ತಿದ್ದ. ನಿನ್ನ ಅಣ್ಣ, ಯಾವತ್ತೂ ಗದರಿಯೂ ಮಾತಾಡದವನು. ಮೂರು ತಿಂಗಳು ಹೀಗೇ ಹೋಯಿತು.

ಹೋದ ಸೋಮವಾರ ನಾನು ಸ್ನಾನಕ್ಕೆ ಹೋಗಿದ್ದಾಗ ಹೊರಟುಬಿಟ್ಟಿದ್ದಾನೆ. ಮೈನಸ್ ಮೂವತ್ತೊಂದು. ಕಾಲಲ್ಲಿ ಮನೆಯೊಳಗಿನ ಚಪ್ಪಲಿ, ಕೈಗವಸಿಲ್ಲ. ಕ್ರೇನ್ ನಡೆಸುವ ಹೆಣ್ಣುಮಗಳೊಬ್ಬಳು ನೋಡಿದಾಗ, ಮಾಲಿನ ಸುತ್ತ ಹೊಡೆದ ಹಲಗೆಯ ಮೇಲೆ ಬರಿಗೈ ಸವರಿಕೊಂಡು ಬಾಗಿಲು ಹುಡುಕುತ್ತಾ ಸುತ್ತುತ್ತಿದ್ದನಂತೆ. ಅವಳು ಯಂತ್ರ ನಿಲ್ಲಿಸಿ, ಇಳಿದು ಬಂದು, ತನ್ನ ಕೋಟನ್ನೇ ಹೊದಿಸಿದ್ದಾಳೆ. "ಏಳು ಹೊಡೆದು ಎಷ್ಟೊತ್ತಾಯ್ತು, ಇನ್ನೂ ಬಾಗಿಲು ತೆಗೆದಿಲ್ವಲ್ಲಮ್ಮ" ಅಂತ ಅವಳಿಗೇ ದೂರು ಹೇಳಿದನಂತೆ.

ಈಗ ಆಸ್ಪತ್ರೆಯಲ್ಲಿದ್ದಾನೆ. ಚಳಿಗೆ ಮರಗಟ್ಟಿದ ಬಲಗೈಯ ಮೂರು ಬೆರಳು ಉಳಿಯುವುದಿಲ್ಲ ಅಂದಿದ್ದಾರೆ. ಇನ್ನು ಮನೆಗೆ ಕಳಿಸುವುದೂ ಇಲ್ಲವಂತೆ. ಆರೈಕೆಯ ಮನೆಯಲ್ಲಿ ಜಾಗ ಇರುವುದು ನಾಲ್ಕು ಗಂಟೆ ದೂರದ ಊರಿನಲ್ಲಿ. ನಾನು ಕಾರು ಓಡಿಸುವುದು ಬಿಟ್ಟು ಆರು ವರ್ಷವಾಯಿತು. ತಿಂಗಳ ಕೊನೆಯೊಳಗೆ ಸಹಿ ಹಾಕಬೇಕು. ಹಾಕಿದರೆ ಅವನನ್ನು ಕಳೆದುಕೊಂಡಂತೆ, ಹಾಕದಿದ್ದರೆ ನೋಡಿಕೊಳ್ಳಲು ನನ್ನ ಕೈಲಾಗುವುದಿಲ್ಲ. ಸಿರ್ಕಾ, ನೀನು ಬರಬೇಕು. ಎರಡು ದಿನದ ಮಟ್ಟಿಗಾದರೂ ಬಾ. ನನಗೆ ಬೇರೆ ಯಾರೂ ಇಲ್ಲ.

ಮಕ್ಕಳಿಗೆ ನನ್ನ ಆಶೀರ್ವಾದ ತಿಳಿಸು. ದೇವರು ನಿಮ್ಮನ್ನೆಲ್ಲ ಬೆಚ್ಚಗೆ ಇಟ್ಟಿರಲಿ.

ನಿನ್ನ ಅತ್ತಿಗೆ,
ಬೆರ್ನಿಸ್

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಒಡೆದೆ. ಸೋಮವಾರ ನಾನು ಸ್ನಾನಕ್ಕೆ ಹೋಗಿರಲಿಲ್ಲ. ಪೊಲೀಸರಿಗೂ ಡಾಕ್ಟರಿಗೂ ಸ್ನಾನಕ್ಕೆ ಹೋಗಿದ್ದೆ ಅಂತಲೇ ಹೇಳಿದ್ದೇನೆ. ನಾನು ಅಡುಗೆಮನೆಯಲ್ಲಿದ್ದೆ. ಅವನು ಚಿಲಕ ತೆಗೆದದ್ದು ಕೇಳಿಸಿತು, ತಣ್ಣನೆಯ ಗಾಳಿ ಕಾಲಿಗೆ ಬಡಿಯಿತು. ಎದ್ದು ಹೋಗಿ ಬಾಗಿಲು ಮುಚ್ಚಿ ಬಂದೆ. ಮನೆ ಅಷ್ಟು ನಿಶ್ಶಬ್ದವಾಗಿತ್ತು, ಸಿರ್ಕಾ. ಟೋಸ್ಟಿಗೆ ಬೆಣ್ಣೆ ಹಚ್ಚಿಕೊಂಡು ನಿಧಾನವಾಗಿ ತಿಂದೆ. ಇನ್ನೊಂದನ್ನೂ ತಿಂದೆ. ಆಮೇಲೆ ಕೋಟು ಹಾಕಿಕೊಂಡು ಅವನನ್ನು ಹುಡುಕಲು ಹೊರಟೆ.